ಕಾನ್ವೆಂಟು, ಕನ್ವೆನ್ಷನ್ನು ಮತ್ತು ಕೂಡಿಬರುವ ಮಾತು



ಹೋದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಮಾತನಾಡುತ್ತ ಒಂದು ಪ್ರಶ್ನೆ ಕೇಳಿದ. "ಸರ, ಮಗಳನ್ನ ಕಾನ್ವೆಂಟಿಗೆ ಹಾಕೇನಿ. ತಂಗಿ ಲಗ್ನ ಗದಗಿನ್ಯಾಗ ಕನ್ವೆನ್ಷನ್ ಹಾಲಿನ್ಯಾಗ ಇಟಗೊಂಡೇವಿ. ಈ ಎರಡೂ ಶಬ್ದ ಒಂದಕ್ಕೊಂದು ಬಳಗ ಏನ್ರಿ?" ಹಣದ ಚೀಲಕ್ಕೆ ಎರಡೂ ಕಡೆಯಿಂದ ತೂತು ಬಿದ್ದವನ ಪ್ರಶ್ನೆ ಇದು ಎಂದು ನಾನು ನಕ್ಕೆ. ಆದರೆ ಪ್ರಶ್ನೆ ಒಳ್ಳೆಯದೇ. ಬಳಗವೇ ಹೌದು, ಅದೂ ಒಂದೇ ತಾಯಿಯ ಮಕ್ಕಳು. ದೂರವಾಣಿಯಲ್ಲಿ ಎರಡು ಮಾತಿನಲ್ಲಿ ಹೇಳಿ ಮುಗಿಸುವಂಥದಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಇಂಗ್ಲಿಷು ಕಲಿಸುವಾಗ ವೇಳಾಪತ್ರಿಕೆಯ ನಲವತ್ತು ನಿಮಿಷಗಳಲ್ಲಿ ಇಂಥ ಸಂಗತಿಗಳಿಗೆ ಎಡೆಯೇ ಇರುತ್ತಿರಲಿಲ್ಲ.

ಲ್ಯಾಟಿನ್ ಭಾಷೆಯಲ್ಲಿ 'ವೆನೀರೆ' ಎಂಬ ಧಾತುವಿದೆ. ಅದರ ಅರ್ಥ ಬರುವುದು. ಅದಕ್ಕೆ 'ಕೋಮ್' ಎಂಬ ಉಪಸರ್ಗ ಹತ್ತಿದರೆ 'ಕೊನ್ವೆನೀರೆ' ಆಗುತ್ತದೆ, ಎಂದರೆ ಕೂಡಿ ಬರುವುದು. ಹೀಗೆ ಕೂಡಿಬಂದ ಜನರ ಗುಂಪಿಗೆ 'ಕೊನ್ವೆಂಟುಸ್' ಎಂದು ಹೆಸರು. ಸಭೆ ಕರೆಯುವ ಕನ್ವೀನ್, ಸಂಚಾಲಕನಾದ ಕನ್ವೀನರ್, ಸಮ್ಮೇಳನವಾದ ಕನ್ವೆನ್ಷನ್, ಅನುಕೂಲವೆಂಬ ಅರ್ಥದ ಕನ್ವೀನಿಯಂಟ್, ಸಂನ್ಯಾಸಿನಿಯರ ಮಠವಾದ ಕಾನ್ವೆಂಟ್, ಒಡಂಬಡಿಕೆಯಾದ ಕವೆನೆಂಟ್ ಇವೆಲ್ಲವೂ ಆ ಒಂದು ಬೇರಿನಿಂದ ಚಿಗುರಿದವು. ಮಾಟಗಾತಿಯರ ಕೂಟಕ್ಕೆ ಇಂಗ್ಲಿಷಿನಲ್ಲಿ ಹೇಳುವ 'ಕವನ್' ಕೂಡ ಇದೇ ಮನೆತನದ್ದು. ಸಂನ್ಯಾಸಿನಿಯರೂ ಮಾಟಗಾತಿಯರೂ ಒಂದೇ ಮಾತಿನ ಆಶ್ರಯದಲ್ಲಿರುವುದು ಭಾಷೆಯ ತಮಾಷೆ.

ಸಭೆ ಸೇರುವುದಕ್ಕೂ ಅನುಕೂಲಕ್ಕೂ ಏನು ಸಂಬಂಧ ಎಂದು ಕೆಲವರಿಗೆ ಅನಿಸಬಹುದು. ಇದನ್ನು ಇಂಗ್ಲಿಷಿನವರಿಗೆ ವಿವರಿಸುವುದು ಕಷ್ಟ, ಕನ್ನಡಿಗರಿಗೆ ಸುಲಭ. ಏಕೆಂದರೆ ನಮ್ಮಲ್ಲಿ 'ಕೂಡಿಬರು' ಎಂಬ ಮಾತಿದೆ. ಜನ ಕೂಡಿ ಬಂದರು ಎನ್ನುತ್ತೇವೆ. ಮುಹೂರ್ತ ಕೂಡಿಬಂತು, ಕಾಲ ಕೂಡಿಬರಲಿಲ್ಲ, ಕಂಕಣಬಲ ಕೂಡಿಬಂತು ಎಂದೂ ಎನ್ನುತ್ತೇವೆ. ಮೊದಲನೆಯದರಲ್ಲಿ ಜನ ಒಂದೆಡೆ ಬಂದು ಸೇರುವುದು. ಉಳಿದವುಗಳಲ್ಲಿ ಸಂಗತಿಗಳು ಒಂದಕ್ಕೊಂದು ಹೊಂದಿಕೊಂಡು ಹಿತವಾಗುವುದು. ಲ್ಯಾಟಿನ್ನಿನ ಕ್ರಿಯಾಪದಕ್ಕೂ ಸರಿಯಾಗಿ ಇವೇ ಎರಡು ಅರ್ಥಗಳಿದ್ದವು. ಮೊದಲನೆಯ ಅರ್ಥದಿಂದ ಕನ್ವೆನ್ಷನ್ ಬಂತು, ಎರಡನೆಯದರಿಂದ ಕನ್ವೀನಿಯಂಟ್ ಬಂತು. ಸಾವಿರಾರು ಮೈಲು ದೂರದ, ನಮ್ಮ ಭಾಷಾಕುಲಕ್ಕೆ ಸೇರದ ಒಂದು ನುಡಿಯೂ ನಮ್ಮ ನುಡಿಯೂ ಪರಸ್ಪರ ಕೇಳದೆಯೇ ಒಂದೇ ದಾರಿಯಲ್ಲಿ ನಡೆದಿವೆ.

ಇನ್ನು ಕಾನ್ವೆಂಟಿನ ಮಾತು. ಮೂಲದಲ್ಲಿ ಇದು ಕಟ್ಟಡದ ಹೆಸರಲ್ಲ, ಜನರ ಹೆಸರು. ವ್ರತ ಹಿಡಿದು ಒಂದೆಡೆ ಕೂಡಿ ಬಾಳುವ ಸಂನ್ಯಾಸಿಗಳ ಸಮುದಾಯಕ್ಕೆ ಹಾಗೆ ಹೇಳುತ್ತಿದ್ದರು. ಕ್ರಮೇಣ ಅವರಿದ್ದ ಮನೆಗೂ ಆ ಹೆಸರು ನಿಂತಿತು. ಅದರಲ್ಲಿ ಗಂಡಸರು ಹೆಂಗಸರೆಂಬ ಭೇದವಿರಲಿಲ್ಲ. ಹೆಂಗಸರ ಮಠಕ್ಕೆ ಮಾತ್ರ ಕಾನ್ವೆಂಟ್ ಎಂಬ ರೂಢಿ ಇಂಗ್ಲಿಷಿನಲ್ಲಿ ಗಟ್ಟಿಯಾದದ್ದು ಹದಿನೆಂಟನೆಯ ಶತಮಾನದಿಂದ ಈಚೆಗೆ. ಗಂಡಸರ ಮಠಕ್ಕೆ ಮೊನಾಸ್ಟರಿ ಎಂಬ ಮಾತು ನಿಂತಿತು. ಮೊನಾಸ್ಟರಿಯ ಮೂಲ ಗ್ರೀಕಿನ 'ಮೋನೊಸ್', ಎಂದರೆ ಒಂಟಿ. ಒಂದು ಒಂಟಿತನದಿಂದ ಹುಟ್ಟಿದ ಮಾತು, ಇನ್ನೊಂದು ಕೂಡುವಿಕೆಯಿಂದ ಹುಟ್ಟಿದ್ದು. ಎರಡೂ ಒಂದೇ ಬಗೆಯ ಮನೆಗೆ ಹೆಸರಾದವು. ನಮ್ಮ ಮಠವನ್ನು ನೋಡಿದವರಿಗೆ ಇದರಲ್ಲಿ ವಿರೋಧ ಕಾಣುವುದಿಲ್ಲ. ಸ್ವಾಮಿಗಳು ಒಂಟಿ, ಮಠದಲ್ಲಿ ಪಂಕ್ತಿ ಮಾತ್ರ ನೂರಾರು ಜನರದು.

ಹಳೆಯ ಫ್ರೆಂಚ್ ಹಾಗೂ ಇಂಗ್ಲಿಷಿನಲ್ಲಿ ಈ ಮಾತನ್ನು ನಡುವಿನ ನಕಾರವಿಲ್ಲದೆ 'ಕವೆಂಟ್' ಎನ್ನುತ್ತಿದ್ದರು. ಹದಿನಾರನೆಯ ಶತಮಾನದ ಪಂಡಿತರು ಲ್ಯಾಟಿನ್ ನೋಡಿ ಆ ನಕಾರವನ್ನು ಮತ್ತೆ ತಂದು ಕೂಡಿಸಿದರು. ಹಳೆಯ ರೂಪ ಒಂದು ಕಡೆ ಮಾತ್ರ ಉಳಿದುಕೊಂಡಿದೆ: ಲಂಡನ್ನಿನ ಕವೆಂಟ್ ಗಾರ್ಡನ್. ಅದು ವೆಸ್ಟ್‌ಮಿನ್‌ಸ್ಟರ್ ಮಠದ ಸಂನ್ಯಾಸಿಗಳ ಕಾಯಿಪಲ್ಲೆಯ ತೋಟವಾಗಿತ್ತು. ಮುಂದೆ ಅಲ್ಲಿ ಹಣ್ಣು, ಹೂವು, ತರಕಾರಿಯ ದೊಡ್ಡ ಪೇಟೆ ಬೆಳೆಯಿತು. 1974ರಲ್ಲಿ ಪೇಟೆ ಬೇರೆಡೆಗೆ ಹೋಯಿತು, ಹೆಸರು ಅಲ್ಲಿಯೇ ಉಳಿಯಿತು. ಬರ್ನಾರ್ಡ್ ಷಾ ಅವರ 'ಪಿಗ್ಮೇಲಿಯನ್' ನಾಟಕ ಆರಂಭವಾಗುವುದು ಇಲ್ಲಿಯೇ. ಹೂ ಮಾರುವ ಹುಡುಗಿಯೊಬ್ಬಳಿಗೆ ದೊಡ್ಡ ಮನೆಯವರ ಇಂಗ್ಲಿಷು ಕಲಿಸಿ, ಅವಳನ್ನು ಬೇರೆಯೇ ಹೆಂಗಸನ್ನಾಗಿ ತೋರಿಸುವ ಪಂಥದ ಕಥೆ ಅದು. ಉಚ್ಚಾರ ಬದಲಾದರೆ ಮನುಷ್ಯನ ಅಂತಸ್ತು ಬದಲಾಗುತ್ತದೆಂಬ ನಂಬಿಕೆಯನ್ನು ಷಾ ಅಣಕಿಸಿದ್ದು ಕಾನ್ವೆಂಟಿನ ತೋಟದಲ್ಲಿ ನಿಂತು ಎಂಬುದು ನನಗೆ ಯಾವಾಗಲೂ ಸೋಜಿಗ. ನಮ್ಮ ಕಾನ್ವೆಂಟುಗಳ ಜಾಹೀರಾತು ಓದಿದಾಗಲೆಲ್ಲ ಆ ಹುಡುಗಿ ನೆನಪಾಗುತ್ತಾಳೆ.

ಮಠದ ಮನೆಗಳು ರಾಜಕೀಯಕ್ಕೂ ಹೆಸರು ಕೊಟ್ಟಿವೆ. ಫ್ರಾನ್ಸಿನ ಕ್ರಾಂತಿಯ ಆರಂಭದಲ್ಲಿ ಪ್ಯಾರಿಸ್ಸಿನ ಒಂದು ರಾಜಕೀಯ ಕೂಟ ಸಭೆ ಸೇರುತ್ತಿದ್ದುದು ಡೊಮಿನಿಕನ್ ಸಂನ್ಯಾಸಿಗಳ ಕಾನ್ವೆಂಟಿನಲ್ಲಿ. ಆ ಸಂನ್ಯಾಸಿಗಳಿಗೆ ಪ್ಯಾರಿಸ್ಸಿನಲ್ಲಿ ಜಾಕೊಬಿನ್ನರೆಂದು ಹೆಸರು. ಕೂಟದವರಿಗೂ ಅದೇ ಹೆಸರು ಅಂಟಿತು. 1790ರಲ್ಲಿ ಫ್ರಾನ್ಸಿನ ಶಾಸನಸಭೆ ಸಂನ್ಯಾಸವ್ರತಗಳನ್ನೇ ರದ್ದು ಮಾಡಿತು. 1792ರಲ್ಲಿ ಸೇರಿದ ಹೊಸ ಸಭೆಯ ಹೆಸರು ರಾಷ್ಟ್ರೀಯ ಕನ್ವೆನ್ಷನ್. ಅದು ಅರಸೊತ್ತಿಗೆಯನ್ನು ಕೊನೆಗಾಣಿಸಿತು. ಕಾನ್ವೆಂಟುಗಳನ್ನು ಮುಚ್ಚಿದ ದೇಶ ಕನ್ವೆನ್ಷನ್ನನ್ನು ತೆರೆಯಿತು. ಇದರ ಅಲೆ ನಮ್ಮ ನಾಡಿಗೂ ತಟ್ಟಿತೆನ್ನುತ್ತಾರೆ. 1797ರಲ್ಲಿ ಶ್ರೀರಂಗಪಟ್ಟಣದಲ್ಲಿದ್ದ ಫ್ರೆಂಚರು ಟಿಪ್ಪುವಿನ ಸಮ್ಮುಖದಲ್ಲಿ ಜಾಕೊಬಿನ್ ಕ್ಲಬ್ಬೊಂದನ್ನು ಸ್ಥಾಪಿಸಿದರೆಂಬ ಕಾಗದಪತ್ರಗಳನ್ನು ಇಂಗ್ಲಿಷರು ಪ್ರಕಟಿಸಿದರು. ಆ ಪತ್ರಗಳಲ್ಲಿ ನಿಜವೆಷ್ಟು, ಟಿಪ್ಪುವಿನ ಮೇಲೆ ಯುದ್ಧ ಹೂಡಲು ಕಟ್ಟಿದ್ದೆಷ್ಟು ಎಂಬುದರ ಕುರಿತು ಇತಿಹಾಸಕಾರರಲ್ಲಿ ಇಂದಿಗೂ ವಾದವಿದೆ.

ಕರ್ನಾಟಕಕ್ಕೆ ಕಾನ್ವೆಂಟು ಬಂದ ಬಗೆಯನ್ನು ಈಗ ನೋಡೋಣ. 1854ರಲ್ಲಿ ಗುಡ್ ಶೆಫರ್ಡ್ ಪಂಥದ ಸಂನ್ಯಾಸಿನಿಯರು ಬೆಂಗಳೂರಿಗೆ ಬಂದು ಹುಡುಗಿಯರಿಗಾಗಿ ಶಾಲೆ ತೆರೆದರು. 1870ರ ನವೆಂಬರಿನಲ್ಲಿ ಫ್ರಾನ್ಸಿನಿಂದ ಹೊರಟ ಕಾರ್ಮೆಲ್ ಪಂಥದ ಸೋದರಿಯರು ಮಂಗಳೂರು ಮುಟ್ಟಿದರು. ಇವರಲ್ಲಿ ಎರಡು ಬಗೆ. ಒಂದು ಬಗೆಯವರು ಮಠದ ಗೋಡೆಯಿಂದ ಹೊರಗೆ ಕಾಲಿಡದೆ ಪ್ರಾರ್ಥನೆಯಲ್ಲಿಯೇ ಬಾಳುವ ವ್ರತದವರು. ಇನ್ನೊಂದು ಬಗೆಯವರು, ಅಪೊಸ್ತಲಿಕ್ ಕಾರ್ಮೆಲ್ ಎಂಬ ಹೆಸರಿನವರು, ಮಕ್ಕಳಿಗೆ ಕಲಿಸುವುದನ್ನೇ ವ್ರತವಾಗಿ ಹಿಡಿದವರು. ಮೊದಲನೆಯ ಗುಂಪಿನಲ್ಲಿ ಮರಿಯಮ್ ಬವಾರ್ದಿ ಎಂಬ ಪ್ಯಾಲೆಸ್ತೀನಿನ ತರುಣಿಯಿದ್ದಳು. ಸುಮಾರು ಎರಡು ವರ್ಷ ಮಂಗಳೂರಿನಲ್ಲಿದ್ದು, ಅಲ್ಲಿಯೇ ವ್ರತ ಸ್ವೀಕರಿಸಿ ಹಿಂದಿರುಗಿದ ಆಕೆಯನ್ನು 2015ರಲ್ಲಿ ಪೋಪರು ಸಂತಳೆಂದು ಘೋಷಿಸಿದರು. ಎರಡನೆಯ ಗುಂಪಿನವರು ಸಂತ ಆನ್ನಳ ಹೆಸರಿನ ಶಾಲೆಯಿಂದ ಕೆಲಸ ಆರಂಭಿಸಿ, 1921ರಲ್ಲಿ ಸೇಂಟ್ ಆಗ್ನೆಸ್ ಎಂಬ ಮಹಿಳಾ ಕಾಲೇಜನ್ನೂ ಕಟ್ಟಿದರು. ಹೆಣ್ಣುಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ಕಾಲದ ಮಾತು ಇದು.

ಈ ಇತಿಹಾಸವನ್ನು ಬಿಡಿಸಿ ಹೇಳಲು ಕಾರಣವಿದೆ. ಜನರ ಮನಸ್ಸಿನಲ್ಲಿ ಕಾನ್ವೆಂಟ್ ಎಂಬ ಹೆಸರಿಗೆ ಬಂದ ಗೌರವ ಸುಮ್ಮನೆ ಬಂದದ್ದಲ್ಲ. ಮನೆಮಠ ತೊರೆದು, ಸಮುದ್ರ ದಾಟಿ ಬಂದು, ಹೊತ್ತುಹೊತ್ತಿಗೆ ಗಂಟೆ ಬಾರಿಸಿ, ಶಿಸ್ತಿನಿಂದ ಕಲಿಸಿದ ಹೆಂಗಸರು ಗಳಿಸಿದ ಗೌರವ ಅದು. ಅವರ ಧರ್ಮಪ್ರಚಾರದ ಕುರಿತು ಯಾರ ಅಭಿಪ್ರಾಯ ಏನೇ ಇರಲಿ, ಕಲಿಸುವಿಕೆಯಲ್ಲಿ ಅವರು ಕಳ್ಳತನ ಮಾಡಲಿಲ್ಲ. ಆದರೆ ನಮ್ಮ ಧಾರವಾಡದ ಸೀಮೆಯಲ್ಲಿ ಮೊದಲು ಶಾಲೆ ತೆರೆದ ವಿದೇಶಿಯರು ಇವರಲ್ಲ, ಬಾಸೆಲ್ ಮಿಶನ್ನಿನವರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ನಮ್ಮ ಗದಗಿನ ಮಗ್ಗುಲಿನ ಬೆಟಗೇರಿ ಹೀಗೆ ಅವರ ಠಾಣ್ಯಗಳು ಹಬ್ಬಿದವು. ಅವರು ಪ್ರೊಟೆಸ್ಟಂಟರು, ಅವರಲ್ಲಿ ಸಂನ್ಯಾಸಿನಿಯರೂ ಇಲ್ಲ, ಕಾನ್ವೆಂಟೂ ಇಲ್ಲ. ಮುಖ್ಯವಾದ ಮಾತೆಂದರೆ ಅವರು ತಾವೇ ಕನ್ನಡ ಕಲಿತು, ಕನ್ನಡದಲ್ಲಿ ಪುಸ್ತಕ ಅಚ್ಚುಹಾಕಿಸಿ, ಕನ್ನಡದಲ್ಲಿ ಕಲಿಸಿದರು. ಕಿಟ್ಟೆಲ್ ಅವರ 1894ರ ಕೋಶ ಆ ಪರಂಪರೆಯ ಫಲ. ಆದ್ದರಿಂದ ಮಿಶನರಿ ಶಾಲೆ ಎಂದರೆ ಇಂಗ್ಲಿಷು ಶಾಲೆ ಎಂಬ ಇಂದಿನ ಸಮೀಕರಣ ನಮ್ಮ ಭಾಗದ ಇತಿಹಾಸಕ್ಕೆ ಹೊಂದುವುದಿಲ್ಲ.

ನಮ್ಮ ಭಾಗದಲ್ಲಿ ಆಗ ಕನ್ನಡಕ್ಕೆ ಎದುರಾಗಿದ್ದುದು ಇಂಗ್ಲಿಷಲ್ಲ, ಮರಾಠಿ. ಪೇಶವೆಯರ ಆಳಿಕೆಯ ನೆರಳು, ಮುಂಬಯಿ ಸರಕಾರದ ಕಚೇರಿಗಳ ರೂಢಿ ಎರಡೂ ಸೇರಿ ಕನ್ನಡದ ಮಕ್ಕಳು ಮರಾಠಿಯಲ್ಲಿ ಅಕ್ಷರ ತಿದ್ದುತ್ತಿದ್ದರು. ಶಿಕ್ಷಣ ಇಲಾಖೆಯಲ್ಲಿದ್ದ ಡೆಪ್ಯುಟಿ ಚನ್ನಬಸಪ್ಪನವರಂಥವರು ಹಳ್ಳಿಹಳ್ಳಿ ತಿರುಗಿ ಕನ್ನಡ ಶಾಲೆಗಳನ್ನು ಊರ್ಜಿತಕ್ಕೆ ತಂದರು. ರಾ. ಹ. ದೇಶಪಾಂಡೆಯವರು 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಿದರು. ನಮ್ಮೂರಿನಂಥ ಊರುಗಳ 'ಕನ್ನಡ ಸಾಲಿ'ಗೆ ಆ ವಿಶೇಷಣ ಏಕೆ ಬಂತೆಂದು ಇಂದಿನ ಹುಡುಗರು ಕೇಳುವುದಿಲ್ಲ. ಕನ್ನಡವಲ್ಲದ ಸಾಲಿಯೂ ಇತ್ತು, ಅದರ ಎದುರು ಇದನ್ನು ಕಷ್ಟಪಟ್ಟು ಗಳಿಸಿಕೊಂಡರು ಎಂಬುದು ಆ ಹೆಸರಿನಲ್ಲಿಯೇ ಇದೆ.

ಈಗ ಕಾನ್ವೆಂಟ್ ಎಂದರೇನು? ಮಠವೂ ಇಲ್ಲ, ಸಂನ್ಯಾಸಿನಿಯೂ ಇಲ್ಲ. ಎರಡು ಕೋಣೆ, ಒಂದು ತಗಡಿನ ಚಪ್ಪರ, ಒಂದು ಹಳದಿ ವಾಹನ, ಮಕ್ಕಳ ಕೊರಳಿಗೆ ಟೈ. ಹೆಸರು ಯಾವುದಾದರೂ ದೇವರದ್ದೋ ದಾನಿಗಳ ತಂದೆಯವರದ್ದೋ ಇದ್ದು ಕೊನೆಗೆ ಕಾನ್ವೆಂಟ್ ಎಂದಿರುತ್ತದೆ. ನಮ್ಮ ಜನರ ಬಾಯಲ್ಲಿ ಆ ಶಬ್ದ 'ಇಂಗ್ಲಿಷು ಮಾಧ್ಯಮದ ಖಾಸಗಿ ಶಾಲೆ' ಎಂಬ ಅರ್ಥಕ್ಕೆ ತಿರುಗಿ ಬಹಳ ವರ್ಷಗಳಾದವು. ವಧುವರರ ಜಾಹೀರಾತುಗಳಲ್ಲಿ 'ಕಾನ್ವೆಂಟ್ ಶಿಕ್ಷಿತ' ಎಂಬುದು ಮೈಬಣ್ಣ, ಎತ್ತರಗಳ ಸಾಲಿನಲ್ಲಿ ನಿಲ್ಲುವ ಒಂದು ಗುಣವಾಯಿತು. ಸಂಸಾರ ತ್ಯಜಿಸಿದವರ ಮನೆಯ ಹೆಸರು ಸಂಸಾರಕ್ಕೆ ಸೇರುವವರ ಅರ್ಹತೆಯಾದದ್ದು ಶಬ್ದಾರ್ಥದ ಇತಿಹಾಸದಲ್ಲಿ ಅಪರೂಪದ ತಿರುವೇ ಸರಿ. ಶಬ್ದ ಅರ್ಥ ಬದಲಿಸುವುದಕ್ಕೆ ನನ್ನ ತಕರಾರಿಲ್ಲ, ಶಬ್ದಗಳು ಬದಲಾಗಲೇಬೇಕು. ಆದರೆ ಹೆಸರಿನ ಗೌರವವನ್ನು ಸಾಲ ತಂದು, ಆ ಗೌರವ ಗಳಿಸಿದ ದುಡಿಮೆಯನ್ನು ಮಾತ್ರ ತರದೆ ಇರುವುದು ಮಕ್ಕಳಿಗೆ ಮಾಡುವ ವಂಚನೆ. ಹತ್ತನೆಯ ತರಗತಿ ಪಾಸಾದ ಹುಡುಗಿಗೆ ಅಲ್ಪ ಸಂಬಳ ಕೊಟ್ಟು ಇಂಗ್ಲಿಷಿನಲ್ಲಿ ಗಣಿತ ಕಲಿಸಲು ನಿಲ್ಲಿಸಿದರೆ ಮಗುವಿಗೆ ಇಂಗ್ಲಿಷೂ ಬರುವುದಿಲ್ಲ, ಗಣಿತವೂ ಬರುವುದಿಲ್ಲ, ಕನ್ನಡದಲ್ಲಿ ಅರ್ಜಿ ಬರೆಯುವುದೂ ಬರುವುದಿಲ್ಲ. ಇಂಥ ಮಕ್ಕಳು ಎಂಟನೆಯ ತರಗತಿಗೆ ಬಂದಾಗ ಅವರಿಗೆ ಮೂರೂ ವಿಷಯಗಳನ್ನು ಮೊದಲಿನಿಂದ ಕಲಿಸಬೇಕಾಗುತ್ತದೆ. ಆ ವಯಸ್ಸಿನಲ್ಲಿ ಮಗು ನಾಚುತ್ತದೆ, ಗೊತ್ತಿಲ್ಲವೆಂದು ಹೇಳುವುದಿಲ್ಲ.

ಸರಕಾರವೂ ಸುಮ್ಮನೆ ಕೂತಿರಲಿಲ್ಲ. 1982ರ ಗೋಕಾಕ ಚಳವಳಿಯ ಬಿಸಿ ನಿಮ್ಮಲ್ಲಿ ಹಿರಿಯರಿಗೆ ನೆನಪಿದೆ. ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಆಗ ಬೀದಿಗಿಳಿದು ಕನ್ನಡದ ಪರ ನಿಂತರು. 2018ರಲ್ಲಿ ಅವರು ಲಿಂಗೈಕ್ಯರಾದಾಗ ನಾಡು ನೆನೆದದ್ದು ಆ ಕೆಲಸವನ್ನೂ ಸಹ. 1994ರಲ್ಲಿ ಸರಕಾರ ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಇಲ್ಲವೆ ಕನ್ನಡವೇ ಮಾಧ್ಯಮವೆಂದು ಆದೇಶಿಸಿತು. 2008ರಲ್ಲಿ ಉಚ್ಚ ನ್ಯಾಯಾಲಯ ಖಾಸಗಿ ಶಾಲೆಗಳಿಗೆ ಅದು ಅನ್ವಯವಾಗದೆಂದಿತು. 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ ಮಾಧ್ಯಮದ ಆಯ್ಕೆ ಮಗುವಿನ ಪರವಾಗಿ ಪಾಲಕರದೇ, ಸರಕಾರ ಹೇರುವಂತಿಲ್ಲ ಎಂದು ತೀರ್ಪಿತ್ತಿತು. 2019ರಲ್ಲಿ ಸರಕಾರವೇ ತನ್ನ ಒಂದು ಸಾವಿರ ಶಾಲೆಗಳಲ್ಲಿ ಇಂಗ್ಲಿಷು ಮಾಧ್ಯಮದ ವಿಭಾಗ ತೆರೆಯಿತು. ನ್ಯಾಯಾಲಯದ ಮಾತು ಕಾನೂನಿನ ಮಾತು. ಪಾಲಕರನ್ನು ನಾನು ಬೈಯುವುದಿಲ್ಲ. ಒಕ್ಕಲುತನದಲ್ಲಿ ಸೋತವನು ಮಗನಾದರೂ ಗೆಲ್ಲಲಿ ಎಂದು ಹಣ ತೆರುತ್ತಾನೆ. ಇಂಗ್ಲಿಷನ್ನು ಚೆನ್ನಾಗಿಯೇ ಕಲಿಸಬೇಕು, ಬೇಗನೆಯೂ ಕಲಿಸಬೇಕು. ಆದರೆ ಇಂಗ್ಲಿಷು ಕಲಿಯುವುದು ಬೇರೆ, ಇಂಗ್ಲಿಷಿನಲ್ಲಿ ಎಲ್ಲವನ್ನೂ ಕಲಿಯುವುದು ಬೇರೆ. ಈ ಎರಡರ ನಡುವಿನ ಅಂತರವನ್ನು ಕಾನ್ವೆಂಟ್ ಎಂಬ ಒಂದು ಶಬ್ದ ಮುಚ್ಚಿಹಾಕಿದೆ.

ಅಂದಹಾಗೆ ಕಾನ್ವೆಂಟ್ ಎಂಬುದಕ್ಕೆ ಸರಿಯಾದ ಕನ್ನಡ ಮಾತು ಮಠ. ಮಠ ನಡೆಸುವ ಶಾಲೆ ಕಾನ್ವೆಂಟ್ ಶಾಲೆಯಾದರೆ ಉತ್ತರ ಕರ್ನಾಟಕದಷ್ಟು ಕಾನ್ವೆಂಟುಗಳು ಯೂರೋಪಿನಲ್ಲಿಯೂ ಇರಲಿಕ್ಕಿಲ್ಲ! ಧಾರವಾಡದ ಮುರುಘಾಮಠದ ಪ್ರಸಾದನಿಲಯದಲ್ಲಿ ಉಂಡು ಓದಿದವರು ನಾಡೆಲ್ಲ ಹರಡಿದ್ದಾರೆ. ಅವರಾರೂ ತಮ್ಮನ್ನು ಕಾನ್ವೆಂಟ್ ಶಿಕ್ಷಿತರೆಂದು ಕರೆದುಕೊಳ್ಳಲಿಲ್ಲ.

ಕನ್ವೆನ್ಷನ್ನಿಗೆ ಬರೋಣ. ಅದಕ್ಕೆ ಮೂರು ಅರ್ಥ. ಮೊದಲನೆಯದು ಸಮ್ಮೇಳನ. ಎರಡನೆಯದು ಸಮ್ಮೇಳನದಲ್ಲಿ ಆದ ಒಪ್ಪಂದ. ಮೂರನೆಯದು ಯಾರೂ ಸಭೆ ಸೇರದೆಯೇ, ಕಾಗದಕ್ಕೆ ಸಹಿ ಹಾಕದೆಯೇ ಎಲ್ಲರೂ ಒಪ್ಪಿ ನಡೆಯುವ ರೂಢಿ. ಕೂಡುವುದು, ಕೂಡಿ ಒಪ್ಪುವುದು, ಒಪ್ಪಿದ್ದು ಹಳತಾಗಿ ರೂಢಿಯಾಗುವುದು ಹೀಗೆ ಒಂದರಿಂದೊಂದು ಹುಟ್ಟಿವೆ.

ಮೊದಲ ಅರ್ಥಕ್ಕೆ ಲೋಕಪ್ರಸಿದ್ಧ ಉದಾಹರಣೆ 1787ರಲ್ಲಿ ಮೇ ತಿಂಗಳಿಂದ ಸಪ್ಟೆಂಬರದವರೆಗೆ ಫಿಲಡೆಲ್ಫಿಯಾದಲ್ಲಿ ನಡೆದ ಕನ್ವೆನ್ಷನ್. ಅಮೇರಿಕೆಯ ಸಂವಿಧಾನ ಸಿದ್ಧವಾದದ್ದು ಅಲ್ಲಿ. ಅದೇ 1787ರಲ್ಲಿ ನಮ್ಮ ಗಜೇಂದ್ರಗಡದಲ್ಲಿಯೂ ಒಂದು ಕೂಡುವಿಕೆ ನಡೆಯಿತೆಂಬುದು ನಮ್ಮ ಮಕ್ಕಳಿಗೆ ತಿಳಿದಿರಬೇಕು. 1785ರಲ್ಲಿ ಟಿಪ್ಪುವಿನ ಸೈನ್ಯ ನರಗುಂದದ ಕೋಟೆಗೆ ಮುತ್ತಿಗೆ ಹಾಕಿತು. ಅದರಿಂದ ಮರಾಠರಿಗೂ ಮೈಸೂರಿಗೂ ಯುದ್ಧ ಹೊತ್ತಿಕೊಂಡಿತು. ನಮ್ಮ ಸೀಮೆಯ ಹೊಲಗಳನ್ನು ತುಳಿದ ಆ ಯುದ್ಧ ಮುಗಿದದ್ದು ಗಜೇಂದ್ರಗಡದ ಒಪ್ಪಂದದಿಂದ; ಬಾದಾಮಿ ಮರಾಠರಿಗೆ ಹೋಯಿತು. ಇತಿಹಾಸದ ಪುಸ್ತಕಗಳು ಇದನ್ನು ಟ್ರೀಟಿ ಎನ್ನುತ್ತವೆ, ಕನ್ವೆನ್ಷನ್ ಎನ್ನುವುದಿಲ್ಲ. ಆದರೆ 1779ರ ಜನವರಿಯಲ್ಲಿ ಪುಣೆಯ ಹತ್ತಿರದ ವಡಗಾವಿಯಲ್ಲಿ ಮರಾಠರಿಗೆ ಸಿಕ್ಕಿಬಿದ್ದ ಮುಂಬಯಿಯ ಇಂಗ್ಲಿಷ್ ಸೈನ್ಯ ಬರೆದುಕೊಟ್ಟದ್ದನ್ನು ಕನ್ವೆನ್ಷನ್ ಎಂದೇ ಬರೆಯುತ್ತಾರೆ. ರಣರಂಗದಲ್ಲಿ ಅಧಿಕಾರಿಗಳು ಮಾಡಿಕೊಂಡ ತಾತ್ಕಾಲಿಕ ಒಪ್ಪಿಗೆಗೆ ಆ ಹೆಸರು ಸಲ್ಲುತ್ತಿತ್ತು. ಮುಂಬಯಿಯವರೂ ಕಲಕತ್ತೆಯ ವಾರನ್ ಹೇಸ್ಟಿಂಗ್ಸನೂ ಅದನ್ನು ಮಾನ್ಯ ಮಾಡಲಿಲ್ಲ. ಶಬ್ದದ ಆಯ್ಕೆಯಲ್ಲಿಯೇ ನುಣುಚಿಕೊಳ್ಳುವ ದಾರಿಯಿತ್ತೆಂದು ನನಗೆ ಅನ್ನಿಸುತ್ತದೆ.

ಆ ಹಗುರತನ ಈಗ ಈ ಮಾತಿಗೆ ಉಳಿದಿಲ್ಲ. ಯುದ್ಧದಲ್ಲಿ ಗಾಯಗೊಂಡವರ ರಕ್ಷಣೆಗೆ 1864ರಲ್ಲಿ ಆರಂಭವಾಗಿ 1949ರಲ್ಲಿ ನಾಲ್ಕಾಗಿ ವಿಸ್ತರಿಸಿದ ಜಿನೀವಾ ಕನ್ವೆನ್ಷನ್ನುಗಳು, 1989ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಮಕ್ಕಳ ಹಕ್ಕುಗಳ ಕನ್ವೆನ್ಷನ್ ಇವೆಲ್ಲ ದೇಶಗಳನ್ನು ಕಟ್ಟಿಹಾಕುವ ಒಡಂಬಡಿಕೆಗಳು. ಭಾರತ 1992ರಲ್ಲಿ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಸೇರಿತು.

ಮೂರನೆಯ ಅರ್ಥವನ್ನು ಕನ್ನಡಕ್ಕೆ ತರುವಾಗ ಎಚ್ಚರ ಬೇಕು. ಕನ್ವೆನ್ಷನಲ್ ಎಂದೊಡನೆ ನಾವು 'ಸಾಂಪ್ರದಾಯಿಕ' ಎಂದು ಬರೆದುಬಿಡುತ್ತೇವೆ. ಸಂಪ್ರದಾಯವೆಂದರೆ ಹಿರಿಯರು ಕಿರಿಯರ ಕೈಗೆ ಕೊಟ್ಟದ್ದು. ಅದರಲ್ಲಿ 'ದಾ' ಧಾತುವಿದೆ, ಕೊಡುವಿಕೆಯಿದೆ. ಕನ್ವೆನ್ಷನ್ ಎಂದರೆ ಸಮಕಾಲೀನರು ಕೂಡಿ ಒಪ್ಪಿದ್ದು. ವಿಜ್ಞಾನದ ಪಾಠದಲ್ಲಿ ಸಾಂಪ್ರದಾಯಿಕ ವಿದ್ಯುತ್ಪ್ರವಾಹ ಧನ ತುದಿಯಿಂದ ಋಣ ತುದಿಗೆ ಎಂದಿರುತ್ತದೆ. ಎಲೆಕ್ಟ್ರಾನ್ ಹರಿಯುವುದು ಅದರ ತಿರುವು ಮುರುವಾಗಿ. ಎಲೆಕ್ಟ್ರಾನನ್ನು ಕಂಡುಹಿಡಿದದ್ದು 1897ರಲ್ಲಿ. ಅದಕ್ಕಿಂತ ಬಹಳ ಮೊದಲೇ ವಿಜ್ಞಾನಿಗಳು ದಿಕ್ಕೊಂದನ್ನು ಒಪ್ಪಿಕೊಂಡಿದ್ದರು, ಆ ಒಪ್ಪಿಗೆಯನ್ನು ಬದಲಿಸಲಿಲ್ಲ. ಅಲ್ಲಿ ಸಂಪ್ರದಾಯವೇನೂ ಇಲ್ಲ, ಒಪ್ಪಂದವಿದೆ. 'ಒಪ್ಪಿತ ಪ್ರವಾಹ' ಎಂದಿದ್ದರೆ ಎಷ್ಟೋ ಮಕ್ಕಳ ಗೊಂದಲ ತಪ್ಪುತ್ತಿತ್ತು.

ಕವೆನೆಂಟ್ ಎಂಬುದಕ್ಕೆ ಕನ್ನಡ ಬೈಬಲ್ಲಿನ ಒಡಂಬಡಿಕೆ ಎಂಬ ಮಾತು ಬಹಳ ಒಪ್ಪುತ್ತದೆ. 'ಕೋಮ್' ಎಂಬಲ್ಲಿ ನಮ್ಮ 'ಒಡ' ಇದೆ. ಒಡನಾಡಿ, ಒಡಹುಟ್ಟು, ಒಡಂಬಡು. ಕಂಪನಿ ಸರಕಾರದ ದೊಡ್ಡ ನೌಕರರು ಇಂಥ ಕರಾರಿಗೆ ಸಹಿ ಹಾಕಿ ಬರುತ್ತಿದ್ದುದರಿಂದ ಅವರಿಗೆ ಕವೆನೆಂಟೆಡ್ ಎಂದು ಹೆಸರು. ನಮ್ಮವರಿಗೆ ಬಹುಮಟ್ಟಿಗೆ ದೊರೆಯುತ್ತಿದ್ದುದು ಆ ಸಾಲಿಗೆ ಸೇರದ ಕೆಳಗಿನ ಹುದ್ದೆ. ಇನ್ನು ಕನ್ವೀನಿಯಂಟ್ ಎಂಬುದಕ್ಕೆ ನಾವು ಬಳಸುವ 'ಅನುಕೂಲ' ಹೊಳೆಯ ದಂಡೆಯವರಿಗೆ ಪ್ರಿಯವಾಗಬೇಕಾದ ಮಾತು. ಕೂಲ ಎಂದರೆ ದಂಡೆ. ದಂಡೆಯ ಗುಂಟ ಸಾಗಿದ್ದು ಅನುಕೂಲ, ದಂಡೆಗೆ ಎದುರಾದದ್ದು ಪ್ರತಿಕೂಲ. ಹೊಳೆಮಣ್ಣೂರಿನವರಿಗೆ ಮಲಪ್ರಭೆ ಎರಡೂ ಆಗಿದ್ದಾಳೆ.

ಗುಂಪುಗೂಡುವುದಕ್ಕೆ ಇಂಗ್ಲಿಷಿನಲ್ಲಿರುವ ಬೇರೆ ಮಾತುಗಳೂ ಸ್ವಾರಸ್ಯವಾಗಿವೆ. ಕಾಂಗ್ರೆಸ್ ಎಂದರೆ ಒಟ್ಟಿಗೆ ಹೆಜ್ಜೆ ಹಾಕುವುದು. ಸೆಮಿನಾರ್ ಎಂದರೆ ಸಸಿಮಡಿ. ಮೆಣಸಿನ ಸಸಿ ಬೆಳೆಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಿಂಪೋಸಿಯಂ ಎಂದರೆ ಕೂಡಿ ಕುಡಿಯುವುದು, ಅದರ ವಿವರ ಬೇಡ. ಕಾಂಗ್ರಿಗೇಷನ್ ಎಂದರೆ ಕುರಿಹಿಂಡನ್ನು ಒಟ್ಟುಗೂಡಿಸುವುದು. ನಗಬೇಡಿ, ನಮ್ಮ 'ಗೋಷ್ಠಿ'ಯ ಮೂಲವೂ ದನದ ಹಟ್ಟಿಯೇ. 'ಸಮಾಜ'ದಲ್ಲಿರುವ 'ಅಜ್' ಧಾತುವಿಗೆ ಅಟ್ಟು, ಹೊಡೆದುಕೊಂಡು ಹೋಗು ಎಂದು ಅರ್ಥ. ಕವಿಗೋಷ್ಠಿಯಲ್ಲಿ ಎರಡು ತಾಸು ಕೂತು ಬಂದವರಿಗೆ ಈ ವ್ಯುತ್ಪತ್ತಿ ಸುಲಭವಾಗಿ ಒಪ್ಪಿಗೆಯಾಗುತ್ತದೆ. 'ಸಮಿತಿ' ಎಂದರೆ ಕೂಡಿ ಹೋಗುವುದು. ನಮ್ಮ ಸ್ವಂತ ಮಾತುಗಳು ಕೂಟ, ನೆರವಿ. ನೆರೆ ಎಂದರೆ ಗುಂಪುಗೂಡು, ನೆರೆ ಎಂದರೆ ಪಕ್ಕದ ಮನೆ, ನೆರೆ ಎಂದರೆ ಪ್ರವಾಹ. 2009ರ ಅಕ್ಟೋಬರದಲ್ಲಿ ಮತ್ತು 2019ರ ಆಗಸ್ಟದಲ್ಲಿ ಮಲಪ್ರಭೆಯ ದಂಡೆಯ ಜನ ಈ ಮೂರೂ ಅರ್ಥಗಳನ್ನು ಒಟ್ಟಿಗೆ ಕಂಡರು. ನೀರು ಬಂತು, ಜನ ಎತ್ತರದ ಜಾಗಗಳಲ್ಲಿ ನೆರೆದರು, ನೆರೆಯವರು ರೊಟ್ಟಿ ಕಳಿಸಿದರು.

ಕೂಡಿ ಒಪ್ಪುವುದನ್ನು ನಾವು ಇಂಗ್ಲಿಷರಿಂದ ಕಲಿತೆವೆಂದು ತಿಳಿಯುವವರಿಗೆ ನಮ್ಮ ಸೀಮೆಯ ಸೂಡಿಯ ಶಾಸನಗಳನ್ನು ತೋರಿಸಬೇಕು. ಹನ್ನೊಂದನೆಯ ಶತಮಾನದ ನಡುವಿನಲ್ಲಿ ಕಿಸುಕಾಡನ್ನು ಆಳುತ್ತಿದ್ದ ಚಾಲುಕ್ಯ ರಾ­ಜಕುಮಾರಿ ಅಕ್ಕಾದೇವಿ, ಚೋಳರ ಯುದ್ಧದಲ್ಲಿ ಕೆಟ್ಟುಹೋಗಿದ್ದ ಊರಿನ ಕಟ್ಟುಪಾಡನ್ನು ಎಂಟು ಸೆಟ್ಟಿಗಳಿಗೂ ಎಂಬತ್ತು ಒಕ್ಕಲಿಗೂ ಹೊಸದಾಗಿ ಮಾಡಿಕೊಟ್ಟಳು. ಒಂದು ಊರಿನ ಜನ ಕೂಡಿ ಬಾಳುವ ಕ್ರಮಕ್ಕೆ ಬರಹದ ರೂಪ ಇದ್ದಿತು, ಯುದ್ಧ ಮುಗಿದ ಮೇಲೆ ಅದನ್ನು ಮತ್ತೆ ಕಟ್ಟಿ ನಿಲ್ಲಿಸಬೇಕೆಂದು ಆಳುವವರಿಗೂ ತೋರಿತು. ಫಿಲಡೆಲ್ಫಿಯಾಕ್ಕಿಂತ ಏಳುನೂರು ವರ್ಷ ಹಿಂದಿನ ಮಾತು. ಮಲಪ್ರಭೆಯ ಕೆಳಗಿನ ದಂಡೆಯಲ್ಲಿರುವ ಐಹೊಳೆಯ ಹೆಸರು ಹೊತ್ತ ವ್ಯಾಪಾರಿಗಳ ಕೂಟ, ಅಯ್ಯಾವೊಳೆಯ ಐನೂರ್ವರು, ದಕ್ಷಿಣದ ನಾಡುಗಳಲ್ಲೆಲ್ಲ ಹರಡಿ ಸಮುದ್ರದಾಚೆಗೂ ಹೋಯಿತು. 1088ರ ಅವರ ಶಾಸನವೊಂದು ಸುಮಾತ್ರಾ ದ್ವೀಪದ ಬರೂಸಿನಲ್ಲಿ ದೊರೆತಿದೆ.

ಹೊಸ ಕಾಲದ ಸಮ್ಮೇಳನಗಳನ್ನೂ ನಮ್ಮ ಭಾಗ ಕಂಡಿದೆ. 1924ರ ಡಿಸೆಂಬರಿನ ಬೆಳಗಾವಿ ಕಾಂಗ್ರೆಸ್ಸು ಗಾಂಧೀಜಿಯವರು ಅಧ್ಯಕ್ಷರಾಗಿದ್ದ ಏಕೈಕ ಅಧಿವೇಶನ. ಗದಗಿನ ಹುಯಿಲಗೋಳ ನಾರಾಯಣರಾಯರ ನಾಡಗೀತೆಯನ್ನು ಹಾಡಿದ್ದು ಅಲ್ಲಿ. ಕರ್ನಾಟಕ ಏಕೀಕರಣ ಪರಿಷತ್ತು ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲು ಸೇರಿದ್ದೂ ಅಲ್ಲಿಯೇ. ಕನ್ನಡ ಸಾಹಿತ್ಯ ಸಮ್ಮೇಳನ ಗದಗಿಗೆ ಎರಡು ಸಲ ಬಂದಿದೆ. 1961ರಲ್ಲಿ ಕೆ. ಜಿ. ಕುಂದಣಗಾರರು ಅಧ್ಯಕ್ಷರು, 2010ರಲ್ಲಿ ಗೀತಾ ನಾಗಭೂಷಣ ಅವರು. ಎರಡಕ್ಕೂ ಯಾರೂ ಕನ್ವೆನ್ಷನ್ ಎನ್ನಲಿಲ್ಲ. ಈಗ ಆ ಮಾತು ಮದುವೆಯ ಮಂಟಪಕ್ಕೆ ಸಿಕ್ಕಿದೆ. ಕಲ್ಯಾಣಮಂಟಪ ಎಂಬ ಸುಂದರ ಹೆಸರು ಯಾರಿಗೆ ಏನು ಮಾಡಿತ್ತೋ ತಿಳಿಯದು.

ಕೊನೆಯದಾಗಿ ಒಂದು ಸಂಗತಿ. ಲ್ಯಾಟಿನ್ನಿನ 'ವೆನೀರೆ', ಇಂಗ್ಲಿಷಿನ 'ಕಮ್', ಸಂಸ್ಕೃತದ 'ಗಮ್' ಈ ಮೂರೂ ಒಂದೇ ಮೂಲಧಾತುವಿನಿಂದ ಬಂದವೆಂದು ಭಾಷಾಶಾಸ್ತ್ರಜ್ಞರು ತೋರಿಸಿದ್ದಾರೆ. ಹಾಗಾದರೆ ಕನ್ವೆನ್ಷನ್ನಿಗೆ ಸಂಸ್ಕೃತದ ನೇರ ಜೋಡಿ 'ಸಂಗಮ'. ಸಂಗಮಕ್ಕೆ ಅಚ್ಚಗನ್ನಡದ ಮಾತು 'ಕೂಡಲ'. ಇವೆರಡನ್ನೂ ಒಂದೇ ಹೆಸರಿನಲ್ಲಿ ಹೊತ್ತುಕೊಂಡ ಊರು ಹುನಗುಂದದ ಸೀಮೆಯಲ್ಲಿದೆ. ನಮ್ಮೂರ ದಂಡೆಯನ್ನು ಹಾಯ್ದು ಹೋದ ನೀರು ಪಟ್ಟದಕಲ್ಲು, ಐಹೊಳೆಗಳನ್ನು ಬಳಸಿಕೊಂಡು ಕೃಷ್ಣೆಯನ್ನು ಸೇರುವುದು ಅಲ್ಲಿ.